ಅರ್ಥ ಸಿಗದ ಏರಿಯಲ್

೨೮ ಡಿಸೆಂಬರ್ ೧೯೭೭, ಬುಧವಾರ, ಸಿಂದಗಿ

ಗುರಣ್ಣನ ಬಲಗೈ ಮುರದು ಇವತ್ತಿಗೆ ಆರು ದಿನ. ಲಾರಿ ನೆತ್ತಿ ಮ್ಯಾಲ ಹತ್ತಿ ದೀಪ ಕೂಡ್ಸಾಕ ಹೋಗಿದ್ದ. ಜ್ವಾಳದ ಚೀಲದ ಮ್ಯಾಲ ಕಾಲಿಟ್ಟ, ಚೀಲ ಜಾರಿತು, ಅದರ ಹಿಂದ ಇವನೂ ಜಾರಿದ. ಬೊಟ್ಟಿನ ಬುಡದಿಂದ ಮೊಣಕೈತನ ಪ್ಲಾಸ್ಟರ್ ಹಾಕ್ಯಾರ. ನಲವತ್ತು ದಿನ ಬಿಚ್ಚಾಂಗಿಲ್ಲ, ಬಿಚ್ಚಿದ ಮ್ಯಾಲೂ ಮಣಿಕಟ್ಟು ಮೊದಲಿನಂಗ ತಿರುಗ್ತೈತೋ ಇಲ್ಲೋ ಹೇಳಾಕ ಬರೂದಿಲ್ಲ ಅಂದಾರ ಡಾಕ್ಟರು. ಹೇಳಾಕ ಬರದಿದ್ರ ಯಾಕ ಹೇಳಬೇಕಿತ್ತು? ನನ್ನ ಮಗ ಅವತ್ತಿನಿಂದ ಗ್ವಾಡಿ ನೋಡ್ಕೋತ ಮಲಗ್ಯಾನ.

ಬಸ್ ಸ್ಟ್ಯಾಂಡ್ ಹಾದ್ಯಾಗ ನಮ್ಮ ಅಂಗಡಿ. ಬ್ಯಾಟರಿ ಚಾರ್ಜ್ ಮಾಡೂದು, ಗಾಡಿಗೆ ವಾಯರಿಂಗ್ ಮಾಡೂದು. ಆರು ದಿನದಿಂದ ಬಾಗಲಾ ಹಾಕೇತಿ.

ಇವತ್ತ ಸೊಸಿ ಸೆರಗು ಸೊಂಟಕ್ಕ ಸಿಗಿಸಿ ನನ್ನ ಮುಂದ ಬಂದು ನಿಂತ್ಳು. "ಅತ್ತಿ, ನಾ ಅಂಗಡ್ಯಾಗ ಕುಂದರತೇನ್ರಿ" ಅಂದ್ಳು.

"ಕುಂತು ಏನ್ ಮಾಡ್ತಿ? ಬ್ಯಾಟರಿಗೆ ಹಾಲು ಕುಡಸ್ತಿಯೇನು?"

"ಹಾಲಲ್ರಿ, ನೀರು. ಬ್ಯಾಟರಿಗೆ ನೀರು ಹಾಕ್ತಾರ" ಅಂದ್ಳು.

ಆಕಿ ತವರು ಬಾಗೇವಾಡಿ, ಆ ಊರವರಿಗೆ ಚಾಷ್ಟಿ ತಿಳಿಯೂದಿಲ್ಲ. ಹನ್ನೆರಡು ವರ್ಷ ಗಂಡಗ ಬುತ್ತಿ ಒಯ್ದು, ಅವ ಉಣ್ಣೂತನ ನಿಂತು ನೋಡಿ ನೋಡಿ ಎಲ್ಲಾ ಕಲತಾಳಂತ. ನಾನೂ ಹನ್ನೆರಡು ವರ್ಷ ಬಸ್ಸು ನೋಡೇನಿ, ಡ್ರೈವರ್ ಆಗೇನೇನು?

ಇದನ್ನ ಗುರಣ್ಣನ ಮುಂದ ಹೇಳಿದ್ರ ಮಾರಿ ತಿರುವ್ತಾನ. ಬಾಜೂಕ ಗಾಜಿನ ಬಳಿ ಮಾರೂ ಇಮಾಮಬಿ ಮುಂದ ಹೇಳಿದ್ರ ಸಂಜಿಯೊಳಗ ಊರಿಗೇ ಗೊತ್ತಾಗ್ತೈತಿ. ಅದಕ್ಕ ಮೊಮ್ಮಗಳ ಹಳೇ ನೋಟಬುಕ್ಕಿನಾಗ ಬರಿಯಾಕತ್ತೇನಿ. ಮೂರನೇ ಇಯತ್ತೆತನ ಸಾಲಿ ಕಲತೇನಿ. ನನ್ನ ಸಿಟ್ಟು ಬರಿಯಾಕ ಅಷ್ಟು ಸಾಕು.

೩೦ ಡಿಸೆಂಬರ್, ಶುಕ್ರವಾರ

ಸೊಸಿ ಅಂಗಡಿ ತೆಗದ್ಳು. ಹೆಣ್ಣುಮಗಳೊಬ್ಬಾಕೀನ ಕುಂದ್ರಿಸಿ ನಾ ಮನ್ಯಾಗ ಕುಂದ್ರಾಕ ಬರ್ತೈತೇನು? ಸ್ಟೂಲ್ ಒಯ್ದು ಬಾಗಲದಾಗ ಕುಂತೆ. ಗುರಣ್ಣನೂ ಕೈ ಕೊರಳಿಗೆ ಕಟಗೊಂಡು ಬಂದ, ಒಂದು ತಾಸು ಇರ್ತೇನಿ ಅಂತ.

ಆ ಒಂದು ತಾಸಿನಾಗ ತಾಂಬಾದ ಧರೆಪ್ಪ ಸಾವಕಾರ ಬಂದ. ಬಿಳೇ ಅಂಬಾಸಿಡರ್ ಕಾರು. ಅದರಾಗ ರೇಡಿಯೋ. ಯಾವ ಊರಾನ ಮೇಸ್ತ್ರಿ ಕೂಡ್ಸಿದ್ನೋ, ಹೊರಗಿನ ಏರಿಯಲ್ಲಿನ ವಾಯರು ಕಿಟಕ್ಯಾಗಿಂದ ಒಳಗ ಬಂದು, ಸೀಟಿನ ಮುಂದ ಜೋತುಬಿದ್ದು ರೇಡಿಯೋಕ್ಕ ಹೋಗಿತ್ತು. ಬಾಗಲಾ ಹಾಕಿ ಹಾಕಿ ವಾಯರು ಜಜ್ಜಿಹೋಗೇತಿ.

"ಅರವಿ ಒಣಹಾಕೂ ಹಗ್ಗ ಕಟ್ಟಿಸೀರೇನ್ರಿ ಸಾವಕಾರ್ರ?" ಅಂದೆ.

"ನಮ್ಮ ಮನ್ಯಾಕಿನೂ ಹಿಂಗ ಅಂದ್ಳು ನೋಡ್ ಆಯೀ" ಅಂತ ನಕ್ಕ. ಆಮ್ಯಾಲ ಗುರಣ್ಣನ ಕಡೆ ತಿರುಗಿದ. "ಹೊಸಾ ಏರಿಯಲ್ ತಂದೇನಿ, ವಾಯರೂ ಹೊಸಾದು. ಇದು ಎಲ್ಲಿಂದ ಬಂತು, ಎಲ್ಲಿಗೆ ಹೋತು ಅಂತ ಯಾರ ಕಣ್ಣಿಗೂ ಬೀಳಬಾರದು. ಎಳ್ಳಮಾಸಿಗೆ ಬೀಗರು ಬರೂರದಾರ. ಹೊಲದಾಗ ಭೂಮಿತಾಯಿಗೆ ಚರಗಾ ಚೆಲ್ಲಿ ಊಟಕ್ಕ ಕುಂತಾಗ ರೇಡಿಯೋ ಸ್ವಚ್ಛ ಹಾಡಬೇಕು. ಇದು ಚೊಲೊ ಆದ್ರ ನಮ್ಮ ತಮ್ಮಂದು ಎರಡು ಜೀಪ ಅದಾವ, ಅವೂ ನಿಮ್ಮ ಕಡೇನ."

ಗುರಣ್ಣ ಪ್ಲಾಸ್ಟರ್ ಕೈ ಎತ್ತಿ ತೋರಿಸಿ "ಆಗಾಂಗಿಲ್ರಿ" ಅನ್ನೂದ್ರೊಳಗ ಕಪಾಟಿನ ಹಿಂದಿಂದ ಮೆತ್ತಗ ಒಂದು ದನಿ ಬಂತು. "ಆಗ್ತೈತಿ ಅನ್ರಿ."

ಸಾವಕಾರಗ ಕೇಳಲಿಲ್ಲ. ನನಗ ಕೇಳಿತು. ಗುರಣ್ಣಗೂ ಕೇಳಿತು. ಅವ ಎತ್ತಿದ ಕೈ ಇಳಿಸಿ, "ಬಿಟ್ಟು ಹೋಗ್ರಿ, ಆಗ್ತೈತಿ" ಅಂದ.

ಮನಿಗೆ ಬಂದ ಮ್ಯಾಲ ಹೇಳಿದ: "ಯವ್ವಾ, ಇದೊಂದು ನೋಡೂದು. ಇದು ಕೆಟ್ರ ಮುಂದ ಯಾರೂ ನಮ್ಮ ಬಾಗಲಕ್ಕ ಗಾಡಿ ತರೂದಿಲ್ಲ. ಪಾನಾ ಪಕ್ಕಡ ಸಾಮಾನೆಲ್ಲಾ ಮಾರಿ ಸೋಲಾಪುರಕ್ಕ ಹೋಗ್ತೇನಿ. ಮಿಲ್ಲಿನ ಬಾಗಲಾ ಕಾಯಾಕ ಎರಡು ಕೈ ಬೇಕಾಗಿಲ್ಲ."

ನಾ ಇರೂತನ ಯಾರೂ ಎಲ್ಲೂ ಹೋಗಾಂಗಿಲ್ಲ. ಬರದು ಇಟ್ಟೇನಿ.

೨ ಜನವರಿ ೧೯೭೮, ಸೋಮವಾರ

ಇವತ್ತ ತೂತು ಹಾಕೂದಿತ್ತು. ಸಾವಕಾರನ ಹಾಲಿನಂಥಾ ಕಾರು, ನಮ್ಮ ಸೊಸಿ ಕೈಯಾಗ ಡ್ರಿಲ್. ನಾ ಮೂರು ಸಲ ದೇವರ ಹೆಸರು ತಗೊಂಡೆ. ಇದನ್ನ ಬರದು ಹೊಡದುಹಾಕಬೇಕಂತ ಮಾಡಿದ್ದೆ, ಇರಲಿ.

ಗುರಣ್ಣ ಎಡಗೈಲೆ ಮುಂದಿನ ಗಾಲಿ ಮ್ಯಾಲಿನ ಮಡಗಾರ್ಡ ತೋರಿಸಿ "ಇಲ್ಲೆ" ಅಂದ. ಆಕಿ ಸುಣ್ಣದಲೆ ಒಂದು ಬೊಟ್ಟು ಇಟ್ಟು, ಒಳಗ ಕೈ ಹಾಕಿ ತಡವಿ, "ಇಲ್ಲೆ ಕೆಳಗ ಪಟ್ಟಿ ಅಡ್ಡ ಬರ್ತೈತ್ರಿ, ಎರಡು ಬೆರಳು ಆಚೆ ಹಾಕೂಣು" ಅಂದ್ಳು. ಗಂಡಗ ಎದುರು ಮಾತು. ನಾ ಬಾಯಿ ತೆಗಿಯೂದ್ರೊಳಗ ಗುರಣ್ಣನೂ ಕೈ ಹಾಕಿ ನೋಡಿ "ಹೂಂ, ಅಲ್ಲೆ" ಅಂದುಬಿಟ್ಟ.

ಹಾದ್ಯಾಗಿನ ಮಂದಿಗೆ ಬ್ಯಾರೆ ಕೆಲಸಿಲ್ಲ. ಏಳೆಂಟು ಮಂದಿ ನಿಂತ್ರು. ಒಬ್ಬಾವ "ಹೆಂಗಸಿನ ಕೈಯಾಗ ಡ್ರಿಲ್ ಕೊಟ್ಟಾರ್ಲೇ" ಅಂದ.

"ನಿಮ್ಮವ್ವನ ಕೈಯಾಗ ಬಡಿಗಿ ಕೊಟ್ಟಿದ್ರ ನೀ ಹಿಂಗ ಹಾದ್ಯಾಗ ನಿಲ್ತಿದ್ದಿಲ್ಲ, ನಡಿ" ಅಂದೆ. ಹೋದ್ರು. ಇಮಾಮಬಿ ಬಳಿ ಬುಟ್ಟಿ ಹಿಡದು ಬಿದ್ದು ಬಿದ್ದು ನಕ್ಕಳು.

ತೂತು ದುಂಡಗ ಬಿದ್ದೇತಿ. ಅಂಚು ಉಜ್ಜಿ ನುಣ್ಣಗ ಮಾಡ್ಯಾಳ. ಬಣ್ಣ ಎಲ್ಲೂ ಸಿಡದಿಲ್ಲ. ತೂತು ಹಾಕೂದು ದೊಡ್ಡ ಮಾತಲ್ಲ ಬಿಡು. ಇಲಿನೂ ಹಾಕ್ತೈತಿ.

೪ ಜನವರಿ, ಬುಧವಾರ

ವಾಯರು ಒಳಗ ಹೋಗವಲ್ದು. ಮಡಗಾರ್ಡದ ಕೆಳಗಿಂದ ಬಾಗಲದ ಬಿಜಾಗರಿ ಮಗ್ಗಲಕ್ಕ ಬಂದು, ಎರಡು ತಗಡಿನ ಸಂದ್ಯಾಗ ತಿರುಗಿ, ರೇಡಿಯೋದ ಹಿಂದ ಏಳಬೇಕು. ಆ ತಿರುವಿನಾಗ ವಾಯರು ಮಡಚಿ ನಿಂದರತೈತಿ. ಮುಂಜಾನಿಂದ ಮಧ್ಯಾಹ್ನತನ ಆಕಿ ನೂಕ್ಯಾಳ, ಅದು ಹೊಳ್ಳಿ ಬಂದೇತಿ. ಮೊಣಕೈ ತರಚಿ ನೆತ್ತರ ಬಂದಿತ್ತು. ಗುರಣ್ಣ "ಮೊದಲಿನಂಗ ಕಿಟಕ್ಯಾಗಿಂದ ತಗೀರಿ, ಮುಗೀಲಿ" ಅಂದು ಎದ್ದು ಮನಿಗೆ ಹೋದ.

ಆವಾಗ ನಾ ಸ್ಟೂಲ್ ಬಿಟ್ಟು ಎದ್ದೆ.

"ನಿಮ್ಮ ಬಾಗೇವಾಡ್ಯಾಗ ಸೀರಿ ಒಳಗಿನ ಪರಕಾರಕ್ಕ ಲಾಡಿ ಹೆಂಗ ಪೋಣಸ್ತೀರಿ?"

"ಪಿನ್ನಿಗೆ ಸಿಗಿಸಿ ಪೋಣಸ್ತೇವ್ರಿ."

"ಮತ್ತ ಇಲ್ಲಿ ಯಾಕ ಬರೇ ಲಾಡಿ ನೂಕಾಕತ್ತಿ? ಮೆತ್ತಗಿಂದು ಎಂದಾದ್ರೂ ಮುಂದ ಹೋಗ್ತೈತೇನು? ಗಟ್ಟೀದು ಮುಂದ ಹೋಗಬೇಕು, ಮೆತ್ತಗಿಂದು ಅದರ ಬೆನ್ನ ಹತ್ತಬೇಕು."

ಆಕಿ ನನ್ನ ಮಾರಿ ನೋಡಿದ್ಳು. ಎದ್ದು ಹೋಗಿ ಸೈಕಲ್ಲಿನ ಹಳೇ ಬ್ರೇಕ್ ತಂತಿ ತಂದ್ಳು. ಅದಕ್ಕ ಕಸುವೂ ಐತಿ, ಬಾಗೂ ಗುಣಾನೂ ಐತಿ. ಅದನ್ನ ರೇಡಿಯೋ ಕಡೆಯಿಂದ ಹೊರಗ ಬಿಟ್ವಿ. ಒಂದ ಸಲಕ್ಕ ಮಡಗಾರ್ಡದ ಕೆಳಗ ಬಾಲ ತೋರಿಸಿತು. ವಾಯರಿನ ತುದಿ ತಂತಿಗೆ ಜೋಡಿಸಿ ನಾನ ದಾರ ಸುತ್ತಿದೆ. ಕೌದಿ ಹೊಲಿಯೂ ದಪ್ಪ ದಾರ, ಮುಂದ ಸಣ್ಣ, ಹಿಂದ ದಪ್ಪ, ಎಲ್ಲೂ ಗಂಟು ಸಿಗಬಾರದಂಗ. ಹೊರಗ ನಾ ಬಿಡಾಕತ್ತೆ, ಒಳಗ ಆಕಿ ಎಳಿಯಾಕತ್ಳು.

"ಎಳಿ."

"ಎಳದೇನ್ರಿ."

"ಜಗ್ಗಬ್ಯಾಡ, ಎಳಿ ಅಂದೆ. ಲಾಡಿ ಒಳಗ ಹರದ್ರ ಪರಕಾರ ಬಿಚ್ಚಬೇಕಾಗ್ತೈತಿ."

ಒಳಗಿಂದ ಕಿಸಕ್ಕಂತ ನಗಿ ಬಂತು. "ಬಂತ್ರಿ ಅತ್ತಿ!" ಅಂದ್ಳು.

ಬಂತು. ಬರದ ಏನ್ ಮಾಡ್ತೈತಿ? ಇಡೀ ಓಣಿಯ ಪರಕಾರಕ್ಕ ಲಾಡಿ ಪೋಣಿಸಿದಾಕಿ ನಾ. ಸಾಬೂನು ಹಚ್ಚಿ ಆಕಿ ಮೊಣಕೈ ತೊಳದೆ. ಕೆಲಸಾ ಮಾಡೂ ಕೈ ಹುಣ್ಣಾದ್ರ ಧರೆಪ್ಪಗ ಯಾರು ಜವಾಬು ಕೊಡಬೇಕು? ಅದಕ್ಕ ತೊಳದೆ.

೫ ಜನವರಿ, ಗುರುವಾರ

ವಾಯರು ಕಟ್ಟೂ ಕೆಲಸ. ಎಂಜಿನ್ನಿನ ದಪ್ಪ ವಾಯರುಗಳ ಸಮೀಪ ಹೋಗಬಾರದಂತ, ಅವು ಬಾಜೂ ಕುಂತ್ರ ರೇಡಿಯೋಕ್ಕ ಚಾಡಿ ಹೇಳ್ತಾವಂತ. ಇಮಾಮಬಿ ಇದ್ದಂಗ. ಎರಡೆರಡು ಗೇಣಿಗೊಂದು ಕಟ್ಟು ಹಾಕಿದ್ವಿ, ಮೇಣ ಹಚ್ಚಿದ ದಾರದಲೆ. ಆಕಿ ಕಟ್ಟೂದು ಬಿಗಿ ಆಕ್ಕಿತ್ತು. "ಬಾಗಲಾ ತೆಗದು ಹಾಕಿದಾಗ ಅದಕ್ಕೂ ಉಸರ ಬೇಕವಾ" ಅಂತ ಹೇಳಿ ಒಂದು ಕಡೆ ಅರ್ಧ ಗೇಣು ಸಡ್ಲ ಬಿಡ್ಸಿದೆ. ಗುರಣ್ಣ ಬಂದು ನೋಡಿ "ಯಾರು ಹೇಳಿದ್ರು ಸಡ್ಲ ಬಿಡಂತ? ಚೊಲೊ ಮಾಡೀರಿ" ಅಂದ. ನಾ ಹೇಳಲಿಲ್ಲ. ರೇವವ್ವ, ನನ್ನ ಸೊಸಿ, "ಅತ್ತಿ ಹೇಳಿದ್ರು" ಅಂದ್ಳು.

ಆಮ್ಯಾಲ ಏರಿಯಲ್ ನಿಲ್ಲಸೂದು. ರೇವವ್ವ ತಟ್ಟಿನ ಚೀಲ ಹಾಸಿ ಗಾಡಿ ಕೆಳಗ ಮಲಗಿದ್ಳು. ಕತ್ತಲದಾಗ ಕೈ ಒಂದ ಮ್ಯಾಲ ಬರ್ತಿತ್ತು, ಆ ಕೈಗೆ ಒಂದೊಂದ ಸಾಮಾನು ಕೊಡೂದು ನನ್ನ ಕೆಲಸ. ತಗಡಿಗೆ ತಗಡು ತಿಕ್ಕಿದ್ರ ಬಣ್ಣ ಹೋಗ್ತೈತಿ, ಮಳಿ ನೀರೂ ಇಳೀತೈತಿ. ಅದಕ್ಕ ಸೈಕಲ್ ಟ್ಯೂಬು ಕತ್ತರಿಸಿ ಎರಡು ದುಂಡನ್ನ ರಬ್ಬರ್ ಬಿಲ್ಲಿ ಮಾಡಿದ್ದೆ. ಒಂದು ಮ್ಯಾಲ ಇಟ್ಟೆ. ಅದನ್ನ ಮೊದಲ ಆಕಿಗೆ ತೋರಿಸಿದ್ದೆ, "ಚೊಲೊ ಆತ್ರಿ" ಅಂದಿದ್ಳು. ಇನ್ನೊಂದನ್ನ ಕೆಳಗ ಕೂಡ್ರೂ ಕಬ್ಬಿಣದ ಬಿಲ್ಲಿಗೆ ಪಂಕ್ಚರ್ ಸೊಲೂಶನ್ ಹಚ್ಚಿ ಅಂಟಿಸಿ ಕೊಟ್ಟೆ. ಅದನ್ನ ಹೇಳಲಿಲ್ಲ. ಹೇಳಿದ್ರ ಗುರಣ್ಣನ್ನ ಕೇಳೂಣ್ರಿ ಅಂತಿದ್ಳು, ಅವ ಬ್ಯಾಡ ಅಂತಿದ್ದ. ಹೊಲಗಿ ಅಂದ ಮ್ಯಾಲ ಮ್ಯಾಲೂ ಅಸ್ತರಿ ಇರಬೇಕು, ಕೆಳಗೂ ಅಸ್ತರಿ ಇರಬೇಕು. ಇಷ್ಟು ತಿಳಿಯಾಕ ಮೇಸ್ತ್ರಿ ಆಗಬೇಕಾಗಿಲ್ಲ.

ಈಗ ನೋಡಿದ್ರ ವಾಯರು ಎಲ್ಲೈತಿ ಅಂತ ನನಗ ಗೊತ್ತಾಗವಲ್ದು.

೬ ಜನವರಿ, ಶುಕ್ರವಾರ

ಕೆಟ್ಟಿತು.

ಎಂಜಿನ್ ಬಂದ್ ಇದ್ದಾಗ ರೇಡಿಯೋ ಗಂಟಿ ಹೊಡದಂಗ ಹಾಡ್ತೈತಿ. ಎಂಜಿನ್ ಚಾಲೂ ಮಾಡಿದ್ರ ಮೆಣಸಿನಕಾಯಿ ಒಗ್ಗರಣಿಗೆ ಹಾಕಿದಂಗ ಚಟಪಟ ಚಟಪಟ. ಎಕ್ಸಲೇಟರ್ ಒತ್ತಿದಷ್ಟೂ ಜಾಸ್ತಿ. ಗುರಣ್ಣ ಕಿವಿ ಕೊಟ್ಟು ಕೇಳಿ ತಲಿ ಅಲ್ಲಾಡಿಸಿದ. "ಅರ್ಥ ಸಿಗವಲ್ದು" ಅಂದ.

"ಅದು ಹಿಂದಿ ಒದರಾಕತ್ತೈತಿ, ಅರ್ಥ ಎಲ್ಲಿಂದ ಸಿಗ್ತೈತಿ? ಧಾರವಾಡ ಹಚ್ಚು, ಕನ್ನಡ ಬರಲಿ" ಅಂದೆ.

ಧಾರವಾಡ ಹಚ್ಚಿದ್ರು. ಕನ್ನಡದಾಗ ಚಟಪಟ ಅಂತು.

"ಕೆಳಗ ಬಣ್ಣ ಕೆರದಿಯೇನು?" ಅಂದ ಗುರಣ್ಣ.

"ಕೆರದೇನ್ರಿ. ಬಿಳೇ ತಗಡು ಕಾಣೂತನ ಕೆರದೇನಿ."

"ಹಂಗಾದ್ರ ವಾಯರ ಎಲ್ಲೋ ಒಳಗ ಕಡದೇತಿ. ಎಳಿವಾಗ ಜಗ್ಗೀರಿ."

ನಾ ಸುತ್ತಿದ ದಾರಕ್ಕ ಬಂತು ಮಾತು. ನನಗ ತಡೀಲಿಲ್ಲ. "ನಾ ನೆಟ್ಟಗ ಸುತ್ತಿ ಕೊಟ್ಟೆ, ಒಳಗ ಎಳದಾಕಿ ಯಾರು? ಎಮ್ಮಿ ಹಗ್ಗ ಜಗ್ಗಿದಂಗ ಜಗ್ಗ್ಯಾಳ" ಅಂದೆ. ಇಮಾಮಬಿ ನಿಂತಿದ್ಳು, ಬಳಿ ಇಡಸ್ಕೊಳ್ಳಾಕ ಬಂದ ನಾಕು ಹೆಣ್ಣಮಕ್ಕಳಿದ್ರು, ಎಲ್ಲಾರ ಮುಂದ ಅಂದೆ. ರೇವವ್ವ ಬಗ್ಗಿ ನೆಲದಾಗಿನ ಸಾಮಾನು ಆರಿಸಿದ್ಳು. ಪಕ್ಕಡ ಒರಸಿ ಡಬ್ಬಿಯಾಗ ಇಟ್ಳು.

೭ ಜನವರಿ, ಶನಿವಾರ

ನಾಳೆ ಸಂಜಿಗೆ ಕಾರು ಒಯ್ತೇನಿ ಅಂತ ಧರೆಪ್ಪ ಹೇಳಿ ಕಳಿಸ್ಯಾನ. ನಾಡದ ಎಳ್ಳಮಾಸಿ. ಗುರಣ್ಣ ಸೋಲಾಪುರದ ಬಸ್ಸಿನ ವ್ಯಾಳೆ ಕೇಳ್ಕೊಂಡು ಬಂದಾನ. ಯಾರೂ ಕೇಳದಿದ್ರೂ ಅದನ್ನ ನಮಗೆಲ್ಲಾ ಹೇಳಿದ.

ರೇವವ್ವ ಎರಡು ಹೊತ್ತು ಊಟಾ ಮಾಡಿಲ್ಲ. ಇಡೀ ದಿನ ಕಟ್ಟು ಬಿಚ್ಚಿ ವಾಯರು ತಡವಿ ತಡವಿ ನೋಡ್ಯಾಳ. ಎಲ್ಲೂ ಕಡದಿಲ್ಲ.

ಮಧ್ಯಾಹ್ನ ಗುರಣ್ಣಗ ಊಟಕ್ಕ ನೀಡ್ಕೋತ ಕೇಳಿದೆ. "ಅಲ್ಲೋ, ಅರ್ಥ ಅರ್ಥ ಅಂತಿಯಲ್ಲ, ಕನ್ನಡದಾಗೂ ಅದಕ್ಕ ಅರ್ಥ ಯಾಕ ಸಿಗವಲ್ದು?"

ಅವ ತುತ್ತು ಹಿಡದು ನನ್ನ ನೋಡಿದ. ಆಮ್ಯಾಲ ನಗಾಕತ್ತ. ಕೈ ಮುರದ ಮ್ಯಾಲ ಇವತ್ತ ಮೊದಲ ಸಲ ನಕ್ಕಿದ್ದು. "ಯವ್ವಾ, ಆ ಅರ್ಥ ಅಲ್ಲ. ಅರ್ಥ್ ಅಂದ್ರ ಇಂಗ್ಲೀಷಿನಾಗ ಭೂಮಿ. ಗಾಡಿಗೆ ಅದರ ತಗಡ ಭೂಮಿ ಇದ್ದಂಗ. ಏರಿಯಲ್ಲಿನ ಬುಡಾ ಬರೀ ತಗಡಿಗೆ ಕಚ್ಚಿ ಹಿಡೀಬೇಕು. ನಡುವ ಬಣ್ಣ, ರಬ್ಬರ್, ಬಟ್ಟಿ ಏನಿದ್ರೂ ಆತು, ಎಂಜಿನ್ನಿನ ಗದ್ದಲೆಲ್ಲಾ ರೇಡಿಯೋಕ್ಕ ಬರ್ತೈತಿ. ರೇವಿ ಬಣ್ಣ ಕೆರದಾಳ. ಮತ್ತ ಯಾಕ ಸಿಗವಲ್ದು ಅನ್ನೂದ ತಿಳೀವಲ್ದು."

ನನಗ ತಿಳೀತು.

ಕೈಯಾಗಿನ ಸಾರಿನ ಸೌಟು ಹಂಗ ನಿಂತಿತು. "ಸಾಕಬೇ, ಚೆಲ್ಲಾಕತ್ತೈತಿ" ಅಂದ.

ಹೇಳಲಿಲ್ಲ. ಸಂಜಿತನ ಹೇಳಲಿಲ್ಲ. ಅರವತ್ತಾರು ವರ್ಷದಾಗ ನಾ ತಪ್ಪು ಮಾಡೇನಿ ಅಂತ ಯಾರ ಮುಂದೂ ಹೇಳಿದ ರೂಢಿ ಇಲ್ಲ. ಹೆಂಗ ಹೇಳ್ತಾರ ಅನ್ನೂದ ಗೊತ್ತಿಲ್ಲ. ಯಾವ ಮಾತಿನಿಂದ ಸುರು ಮಾಡ್ತಾರ?

೮ ಜನವರಿ, ಭಾನುವಾರ

ಬೈದಿದ್ದು ಮಂದಿ ಮುಂದ. ಹೇಳೂದೂ ಮಂದಿ ಮುಂದ ಆಗಬೇಕು. ಮುಂಜಾನೆ ಅಂಗಡಿಗೆ ಹೋದಾಕೀನ ಮೊದಲ ಇಮಾಮಬಿನ್ನ ಕರದೆ. "ಬಾರವಾ ಇಲ್ಲೆ. ಮೊನ್ನಿ ಕಿವಿ ತಕ್ಕೊಂಡು ನಿಂತಿದ್ದೆಲ್ಲ, ಇವತ್ತೂ ನಿಲ್ಲು."

ಆಕಿ ಗಾಬರ್ಯಾಗಿ ಬಂದ್ಳು. ಗುರಣ್ಣ ಇದ್ದ. ರೇವವ್ವ ಬಾನೆಟ್ಟಿನ ಒಳಗ ತಲಿ ಹಾಕಿದ್ಳು.

"ರೇವವ್ವಾ, ತಲಿ ಹೊರಗ ತಗಿ. ಏರಿಯಲ್ಲಿನ ಕೆಳಗೊಂದು ರಬ್ಬರ್ ಐತಿ. ನಾ ಇಟ್ಟೇನಿ. ಕೈಗೆ ಬಿಲ್ಲಿ ಕೊಡೂವಾಗ ಅಂಟಿಸಿ ಕೊಟ್ಟೇನಿ. ನೀ ಜಗ್ಗಿಲ್ಲ, ನೀ ಕಡದಿಲ್ಲ. ನಾ ಮಾಡಿದ್ದು. ಆತಿಲ್ಲೋ? ಇಮಾಮಬೀ, ಕೇಳಿತೇನು? ಇದನ್ನೂ ಬಸ್ ಸ್ಟ್ಯಾಂಡಿಗೆ ಮುಟ್ಟಸು."

ಗುರಣ್ಣ ಹಣಿ ಹಣಿ ಬಡಕೊಂಡ, ಎಡಗೈಲೆ. ಇಮಾಮಬಿ "ಯಾ ಅಲ್ಲಾ, ಶಂಕ್ರೆವ್ವಕ್ಕ ತಪ್ಪಾತು ಅಂದ್ಳು" ಅಂತ ಬಾಯಿ ಮ್ಯಾಲ ಸೆರಗು ಇಟಗೊಂಡ್ಳು. ತಪ್ಪಾತು ಅಂತ ನಾ ಎಲ್ಲಿ ಅಂದೆ? ರಬ್ಬರ್ ಇಟ್ಟೇನಿ ಅಂದೆ.

ರೇವವ್ವ ಕೈ ಒರಸ್ಕೊಂಡ್ಳು. ಬೈದ್ರ ಬೈಯಲಿ ಅಂತ ನಿಂತಿದ್ದೆ. ಆಕಿ ಬೈಯಲಿಲ್ಲ, ತಟ್ಟಿನ ಚೀಲ ಹಾಸಿದ್ಳು. "ಮ್ಯಾಲಿನ ರಬ್ಬರ್ ಇರಲ್ರಿ ಅತ್ತಿ, ಅದು ಮಳಿ ನೀರು ತಡೀತೈತಿ. ಕೆಳಗಿಂದಷ್ಟ ತಗೀತೇನಿ" ಅಂದ್ಳು. ಗಾಡಿ ಕೆಳಗ ಹೋಗಿ ಮತ್ತ ಕೈ ಮ್ಯಾಲ ಮಾಡಿ, "ಪಾನಾ ಕೊಡ್ರಿ" ಅಂದ್ಳು.

ಅಂದ್ರ ಅರ್ಧ ನಂದೂ ಖರೇನ ಇತ್ತು.

ರಬ್ಬರ್ ಹೊರಗ ಬಂತು. ಬಿಲ್ಲಿ ಬ್ಲೇಡಿನಲೆ ಕೆರದು ನಾನ ಹೊಳಿಯಂಗ ಮಾಡಿ ಕೊಟ್ಟೆ. ಎಂಜಿನ್ ಚಾಲೂ ಮಾಡಿದ್ರು. ಗುರಣ್ಣ ಕಾಲಿಲೆ ಎಕ್ಸಲೇಟರ್ ಒತ್ತಿದ, ಇನ್ನಷ್ಟು ಒತ್ತಿದ. ರೇಡಿಯೋದಾಗ ಒಬ್ಬಾವ ಜ್ವಾಳದ ಬೆಳಿಗೆ ಹತ್ತೂ ಹುಳದ ಸುದ್ದಿ ಹೇಳಾಕತ್ತಿದ್ದ. ಒಂದೊಂದ ಹುಳದ ಹೆಸರೂ ಬಿಡಿಬಿಡಿಯಾಗಿ ಕೇಳಿತು.

ಸಂಜಿಗೆ ಧರೆಪ್ಪ ಬಂದ. ಸೀಟಿನ ಕೆಳಗ ಬಗ್ಗಿ ನೋಡಿದ, ಬಾಗಲಾ ನಾಕು ಸಲ ತೆಗದು ಹಾಕಿದ, ವಾಯರು ಹುಡಕಿದ, ಸಿಗಲಿಲ್ಲ. ರೇಡಿಯೋ ಹಚ್ಚಿ ಬಸ್ ಸ್ಟ್ಯಾಂಡ್ ಸುತ್ತಿ ಬಂದ. "ಗುರಣ್ಣ ಮೇಸ್ತ್ರಿ, ಎಡಗೈಲೆ ಇಷ್ಟು ಚಂದ ಮಾಡೀರಿ, ಬಲಗೈ ಇದ್ದಿದ್ರ ಇನ್ನೇನ್ ಮಾಡ್ತಿದ್ರೋ ಮಾರಾಯ್ರ" ಅಂದ.

ಗುರಣ್ಣ ಕೊರಳಿಗೆ ಕಟ್ಟಿದ ಕೈ ಸರಿ ಮಾಡ್ಕೊಂಡ. ಇಲ್ಲ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ರೇವವ್ವ ಕಪಾಟಿನ ಹಿಂದ ಸರದ್ಳು.

"ಸಾವಕಾರ್ರ, ಅವನ ಎಡಗೈಲೆ ಅವನ ಅಂಗಿ ಗುಂಡೀನೂ ಹಾಕ್ಕೊಳ್ಳಾಕ ಬರೂದಿಲ್ಲ. ಇದೆಲ್ಲಾ ಮಾಡಿದಾಕಿ ಆಕಿ" ಅಂದೆ.

ಧರೆಪ್ಪನ ಮಾರಿ ಬಿಗೀತು. ಮತ್ತ ಬಾನೆಟ್ ಎತ್ತಿ ಒಳಗ ಬಗ್ಗಿದ, ಒಂದು ಕಟ್ಟು ಹಿಡದು ಜಗ್ಗಿ ನೋಡಿದ.

"ಈಗತನ ಚೊಲೊ ಇತ್ತಲ್ಲ ಸಾವಕಾರ್ರ? ಹೆಸರು ಕೇಳಿದ ಮ್ಯಾಲ ಸಡ್ಲ ಆತೇನು?"

ಅವ ಹಿಡದ ಕಟ್ಟು ಬಿಟ್ಟ. ಬಾನೆಟ್ ಹಾಕಿದ. ರೇವವ್ವನ ಕಡೆ ಒಂದು ಸಲ ನೋಡಿದ, ಕಾರು ಹತ್ತಿ ಹೋದ. ಜೀಪಿನ ಮಾತು ತೆಗೀಲಿಲ್ಲ.

"ಸುಮ್ಮ ಇರಾಕ ಆಗ್ತಿದ್ದಿಲ್ಲೇನಬೇ?" ಅಂದ ಗುರಣ್ಣ.

"ಆಗ್ತಿದ್ದಿಲ್ಲ" ಅಂದೆ.

೧೨ ಜನವರಿ, ಗುರುವಾರ

ಎಳ್ಳಮಾಸಿ ಆತು. ಸಜ್ಜಿ ಕಡಬು, ಪುಂಡಿಪಲ್ಲೆ ಎಲ್ಲಾ ಮಾಡಿದ್ವಿ. ಮೂರು ದಿನ ಯಾರೂ ಬರಲಿಲ್ಲ. ಗುರಣ್ಣ ದಿನಾ ಅಂಗಡಿಗೆ ಬಂದು ಹಾದಿ ನೋಡ್ಕೋತ ಕುಂದರತಿದ್ದ. ಸೋಲಾಪುರದ ಸುದ್ದಿ ಎತ್ತಲಿಲ್ಲ, ಬಿಡಲೂ ಇಲ್ಲ. ರೇವವ್ವ ಪಾನಾಗಳಿಗೆ ಎಣ್ಣಿ ಹಚ್ಚಿ ಹಚ್ಚಿ ಅವು ಕೈಯಾಗ ನಿಲ್ಲದಂಗ ಆಗಿದ್ವು.

ಇವತ್ತ ಹತ್ತು ಗಂಟೆಕ್ಕ ಒಂದು ಜೀಪ ಬಂದು ನಿಂತಿತು. ಅದರ ಹಿಂದ ಇನ್ನೊಂದು. ಮೊದಲಿನದರಿಂದ ಡ್ರೈವರ್ ಇಳದ. ಭೀಮಶ್ಯಾ ಅಂತ, ಧರೆಪ್ಪನ ತಮ್ಮನ ಕಡೆಯಾವ. ಕೈಯಾಗ ಏರಿಯಲ್ಲಿನ ಎರಡು ಡಬ್ಬಿ. ಸೀದಾ ಗುರಣ್ಣನ ಮುಂದ ಹೋಗಿ ನಿಂತ.

"ಕಾರು ಮಾಡಿದ ಕೈಯಿಂದನ ಮಾಡಿಸ್ಕೊಂಡು ಬಾ, ಬ್ಯಾರೇದವರು ಮುಟ್ಟಿದ್ರ ಹೊಳ್ಳಿ ತಾ ಅಂದಾರ್ರಿ ಸಾವಕಾರ್ರು. ಮೇಸ್ತ್ರಿ ಅದಾನೇನ್ರಿ?"

ನನ್ನ ನಾಲಿಗಿ ತುದಿಗೆ ಮಾತು ಬಂದಿತ್ತು. ಯಾಕೋ ನುಂಗಿದೆ. ಗುರಣ್ಣನ್ನ ನೋಡಿದೆ.

ಅವ ತನ್ನ ಪ್ಲಾಸ್ಟರ್ ಕೈ ನೋಡ್ಕೊಂಡ. ಆಮ್ಯಾಲ ಸ್ಟೂಲ್ ಒಂದು ಡ್ರೈವರ್ ಕಡೆ ಕಾಲಿಲೆ ಸರಿಸಿದ.

"ಮೇಸ್ತ್ರಿ ಅದಾಳ. ಕುಂದರು, ಕರೀತೇನಿ."